ಎತ್ತಬೇಡಿ, ಮಾವ ಹಾಡು ಕೇಳುತ್ತಿದ್ದಾರೆ

ಫೋನ್ ಎತ್ತದಿದ್ದರೆ ಸಿಟ್ಟಾಗುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಿಮ್ಮ ಮನೆಯಲ್ಲೇ ಒಬ್ಬರಿರಬಹುದು. ಆದರೆ ಫೋನ್ ಎತ್ತಿದರೆ ಸಿಟ್ಟಾಗುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ, ನಮ್ಮಮ್ಮನ ಒಬ್ಬನೇ ತಮ್ಮ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುತ್ತಲಿನ ರೈತರ ಪಂಪ್‌ಸೆಟ್ ಮೋಟಾರು ಸುಟ್ಟುಹೋದರೆ, ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವುದು ಅಲ್ಲಿನ ಕೆಲಸ. ಅದು ಹೊಟ್ಟೆಪಾಡು ಬಿಡಿ. ಅವರ ನಿಜವಾದ ಕಸುಬು ಯಾವುದೆಂದರೆ, ಕಂಡಕಂಡವರಿಗೆ ಫೋನ್ ಮಾಡಿ ಅವರ ಕಾಲರ್ ಟ್ಯೂನ್ ಕೇಳುವುದು!

ಕಾಲರ್ ಟ್ಯೂನ್ ಗೊತ್ತಲ್ಲ? ನಾವು ಯಾರಿಗಾದರೂ ಫೋನ್ ಮಾಡಿದಾಗ, ಅವರು ಎತ್ತುವವರೆಗೆ ನಮ್ಮ ಕಿವಿಗೆ ಟ್ರಿಣ್ ಟ್ರಿಣ್ ಬದಲು ಒಂದು ಸಿನಿಮಾ ಹಾಡು ಕೇಳಿಸುತ್ತದಲ್ಲ, ಅದು. ಇದರ ಚೋದ್ಯ ನೋಡಿ. ಹಾಡು ಇರುವುದು ಅವರ ನಂಬರಿನಲ್ಲಿ, ಕೇಳಿಸುವುದು ನಮ್ಮ ಕಿವಿಗೆ. ಇಷ್ಟಪಟ್ಟು ಹಾಕಿಸಿಕೊಂಡವನಿಗೆ ತನ್ನ ಹಾಡು ತನಗೇ ಕೇಳಿಸುವುದಿಲ್ಲ. ಬಾಗಿಲ ಮುಂದಿನ ರಂಗೋಲಿಯ ಹಾಗೆ ಅದೇನಿದ್ದರೂ ಬರುವವರ ಪಾಲಿಗೆ. ನೀವು ನಾನೆಲ್ಲ ಆ ಹಾಡನ್ನು ಕಾಯುವ ಹೊತ್ತಿನ ಶಬ್ದ ಎಂದುಕೊಂಡಿದ್ದೇವೆ. ಮಾವನಿಗೆ ಹಾಡೇ ಮುಖ್ಯ, ಎತ್ತಿ ಮಾತಾಡುವುದು ನಡುವೆ ಬರುವ ಅಡಚಣೆ.

ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಟೀಚರು. ಸ್ಟಾಫ್ ರೂಮಿನಲ್ಲಿ ಫೋನ್ ಬಂದರೆ ಎಲ್ಲರಂತೆ ಎತ್ತಿ “ಹೇಳಿ ಮಾವ” ಎನ್ನುತ್ತಿದ್ದೆ.

“ಯಾಕಮ್ಮಿ ಇಷ್ಟ್ ಬೇಗ ಎತ್ಬುಟ್ಟೆ? ಈಗ್ ತಾನೆ ಪಿಟೀಲು ಶುರುವಾಗಿತ್ತು!”

“ಏನು ಸಮಾಚಾರ?”

“ಸಮಾಚಾರ ಆಮೇಲೆ ಯೋಳ್ತೀನಿ. ಈಗ ಇಡು. ಇನ್ನೊಂದ್ ಸಲ ಮಾಡ್ತೀನಿ, ಎತ್ಬೇಡ!”

ಇಟ್ಟೆ. ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು. ನಾನು ಅದರ ಮುಂದೆ ಕೈಕಟ್ಟಿ ಕೂತೆ. ಪಕ್ಕದ ಮೇಡಂ ಕರೆಕ್ಷನ್ ಬಿಟ್ಟು ನೋಡಿದರು. “ನಿಮ್ಮ ಫೋನು” ಎಂದರು. ಗೊತ್ತು ಎಂದೆ. “ಎತ್ತಲ್ವಾ?” ಎಂದರು. ಎತ್ತಬಾರದು ಎಂದೆ. ನನಗೂ ನನ್ನ ಗಂಡನಿಗೂ ಮಾತು ಬಿಟ್ಟುಹೋಗಿದೆ ಎಂದು ಆ ವಾರವಿಡೀ ಸ್ಟಾಫ್ ರೂಮಿನಲ್ಲಿ ಮರುಕ ಹರಿಯಿತು. ಸಮಾಚಾರ ಏನಿತ್ತು ಎಂದು ಮಾವನಿಗೂ ಆಮೇಲೆ ನೆನಪಾಗಲಿಲ್ಲ.

ಅವರಿಗೆ ಹಾಡೆಂದರೆ ಅಷ್ಟು ಮರ್ಯಾದೆ. ಹೊಳೆನರಸೀಪುರವನ್ನು ಒಳೆನರಸೀಪುರ, ಹಾಸನವನ್ನು ಆಸನ ಎನ್ನುವ ಮಾವ, ‘ಹಾಡು’ ಎಂಬ ಮಾತಿಗೆ ಮಾತ್ರ ಹಕಾರವನ್ನು ಎದೆಯಾಳದಿಂದ ತೆಗೆದುಕೊಡುತ್ತಾರೆ. ಊರಿನ ಹೆಸರಿಗೆ ಸಿಗದ ಗೌರವ ಅದಕ್ಕೆ!

ಅವರ ಫೋನಿನಲ್ಲಿ ಜನರ ಹೆಸರುಗಳಿಲ್ಲ. ಎಲ್ಲ ಹಾಡುಗಳೇ. ‘ದೋಣಿ ಹಾಡು ದಂಡಿಗನಹಳ್ಳಿ’, ‘ಅಣ್ಣ ತಂಗಿ ಹಾಡು ಅರಕಲಗೂಡು’, ‘ಮಳೇಲಿ ಕುಣಿಯೋ ಹಾಡು ಬೂವನಹಳ್ಳಿ’. ಯಾರು ಯಾರೆಂದು ಅವರಿಗೆ ಗೊತ್ತಾಗುವುದು ಹೀಗೆ. ಈ ವ್ಯವಸ್ಥೆಯಲ್ಲಿ ಒಂದೇ ಒಂದು ತೊಂದರೆ. ಜನ ಹಾಡು ಬದಲಾಯಿಸುತ್ತಾರೆ!

ದಂಡಿಗನಹಳ್ಳಿಯ ರೈತನೊಬ್ಬ ಮೋಟಾರು ಕೊಟ್ಟು ಹೋಗಿದ್ದ. ರಿಪೇರಿ ಮುಗಿಯಿತು. ಮಾವ ದೋಣಿ ಹಾಡಿಗೆ ಫೋನ್ ಮಾಡಿದರು. ಆ ಕಡೆ ದೋಣಿ ಇಲ್ಲ, ಯಾವುದೋ ಹೊಸ ಸಿನಿಮಾದ ಡೋಲು. ರಾಂಗ್ ನಂಬರ್ ಎಂದು ಕಟ್ ಮಾಡಿದರು. ಮತ್ತೆ ಮಾಡಿದರು, ಮತ್ತೆ ಡೋಲು, ಮತ್ತೆ ಕಟ್. ಹೀಗೆ ಮೋಟಾರು ಅಂಗಡಿಯಲ್ಲೇ ಧೂಳು ತಿನ್ನುತ್ತ ಕೂತಿತು. ಕೊನೆಗೆ ಆ ಮನುಷ್ಯ ತಾನೇ ಬಂದು ಗಲಾಟೆ ಎಬ್ಬಿಸಿದ. “ಅಲ್ಲ ಸಾ, ಮಿಸ್ ಕಾಲ್ ಕೊಟ್ಟು ಕೊಟ್ಟು ಆಟ ಆಡ್ತೀರಾ? ತ್ವಾಟ ಒಣಗ್ತಾ ಕೂತೈತೆ!”

“ನೀನು ದೋಣಿ ಯಾಕ್ಲಾ ತೆಗ್ದೆ?” ಎಂದು ಮಾವ ತಿರುಗಿಬಿದ್ದರು. “ಎಂಥಾ ಹಾಡು ಅದು! ಅಂಬಿಗನ ಉಸಿರು ಕೂಡ ಕೇಳುಸ್ತಿತ್ತು. ಅದ ಬುಟ್ಟು ಈ ಡಬಡಬ ಆಕ್ಕಂಡಿದ್ದೀಯಲ್ಲ, ನಾಚ್ಕೆ ಆಗಕಿಲ್ವಾ?”

ನನ್ನ ಮಗ ಹಾಕಿದ್ದು ಸಾ, ನನಗೆ ಕೇಳಿಸೋದೇ ಇಲ್ವಲ್ಲ ಎಂದು ರೈತ ತಲೆ ಕೆರೆದುಕೊಂಡ. ಮೋಟಾರು ಹೊತ್ತುಕೊಂಡು ಹೋಗುವ ಮೊದಲು ದೋಣಿ ಹಾಡನ್ನು ಮತ್ತೆ ಹಾಕಿಸಿಕೊಂಡೇ ಹೋದ ಎಂಬುದು ಈ ಕಥೆಯ ನಿಜವಾದ ಭಾಗ.

ಮನುಷ್ಯರನ್ನು ಹಾಡಿನಿಂದ ಅಳೆಯುವ ಅಭ್ಯಾಸವೂ ಮಾವನಿಗಿದೆ. ಕೊರವಂಗಲದ ಕಡೆಯ ಬೋರ್‌ವೆಲ್ ಕಂಟ್ರಾಕ್ಟರ್ ಒಬ್ಬರು ಬಾಯಿ ಬಿಟ್ಟರೆ ಬೈಗುಳ. ಅವರ ಫೋನಿನಲ್ಲಿ ಮಾತ್ರ ಒಂದು ಹಳೆಯ ಲಾಲಿ ಹಾಡು. “ಒಳಗೆ ಮಗೂನಂತೋನು ಕಣಮ್ಮಿ” ಎಂದು ಮಾವ ಅವರನ್ನು ಕೂರಿಸಿ, ಕಾಫಿ ತರಿಸಿ, ಮೆಲ್ಲಗೆ ಮಾತಾಡಿಸುತ್ತಿದ್ದರು. ಆ ಹಾಡು ಅವರ ಮೊಮ್ಮಗಳು ಫೋನು ಒತ್ತಾಡುವಾಗ ತಾನಾಗಿ ಬಂದು ಕೂತದ್ದಂತೆ! ಆದರೆ ಒಂದು ಮಾತು ಹೇಳಲೇಬೇಕು. ಆ ಕಂಟ್ರಾಕ್ಟರ್ ಊರೆಲ್ಲ ಬೈದರೂ ಮಾವನ ಅಂಗಡಿಯಲ್ಲಿ ಮಾತ್ರ ಮಗುವಿನ ಹಾಗೇ ಇರುತ್ತಿದ್ದರು. ಯಾರಾದರೂ ನಮ್ಮನ್ನು ಒಳ್ಳೆಯವರೆಂದು ನಂಬಿ ಕೂರಿಸಿದರೆ ಎದ್ದು ಕೆಟ್ಟವರಾಗುವುದು ಸುಲಭವೇ?

ನನಗೆ ಗಂಡು ನೋಡುವಾಗಲೂ ಇದೇ ಅಳತೆ. ಹುಡುಗ ಅರಕಲಗೂಡಿನ ಕಡೆ ದನದ ಡಾಕ್ಟರು. ಜಾತಕ ಕೂಡಿತು, ಎಲ್ಲರೂ ಒಪ್ಪಿದರು. ಮಾವ ಹುಡುಗನ ನಂಬರ್ ತೆಗೆದುಕೊಂಡು ಜಗಲಿಗೆ ಹೋದರು, ಮುಖ ಸಣ್ಣದು ಮಾಡಿಕೊಂಡು ಬಂದರು. “ಬರೀ ಟ್ರಿಣ್ ಟ್ರಿಣ್ ಅಂತದೆ. ಹಾಡೇ ಇಲ್ಲದ ಮನ್ಸ. ಇವನ ಜೊತೆ ಎಂಗಮ್ಮಿ ಬಾಳ್ತೀಯ?”

ನಾನು ಅವರನ್ನೇ ಮದುವೆಯಾದೆ. ಮದುವೆಯ ಊಟದ ಹೊತ್ತಿನಲ್ಲಿ ಮಾವ, ಒಂದು ಕಾಲ್ ಮಾಡಬೇಕು ಎಂದು ನನ್ನ ಗಂಡನ ಫೋನು ಇಸಿದುಕೊಂಡು ಯಾರಿಗೋ ಮಾಡಿ, ಹಾಡು ಬರುತ್ತಿರುವಾಗ ನಕ್ಷತ್ರದ ಗುಂಡಿ ಒತ್ತಿಬಿಟ್ಟರು. ಹಾಗೆ ಒತ್ತಿದರೆ ಆ ಹಾಡು ನಮ್ಮ ನಂಬರಿಗೂ ಬಂದು ಕೂರುತ್ತದೆ. ಬಂದು ಕೂತದ್ದು ಯಾವುದು ಅಂತೀರಿ? ಮೊದಲ ರಾತ್ರಿ ನಾಯಕ ನಾಯಕಿಗೆ ದೀಪ ಆರಿಸೆಂದು ಗೋಗರೆಯುವ ಹಾಡು!

ಪಾಪ, ಇವರಿಗೆ ಗೊತ್ತೇ ಆಗಲಿಲ್ಲ. ತನ್ನ ಹಾಡು ತನಗೆ ಕೇಳಿಸದಲ್ಲ! ರೈತರೆಲ್ಲ ಯಾಕೋ ತನ್ನನ್ನು ನೋಡಿ ಮುಸಿಮುಸಿ ನಗುತ್ತಾರೆ ಎಂದಷ್ಟೇ ಅಂದುಕೊಂಡಿದ್ದರು. ಒಂದು ಬೆಳಗಿನ ಜಾವ ಎಮ್ಮೆಗೆ ಹೆರಿಗೆ ಕಷ್ಟವಾಗಿ ಒಬ್ಬ ರೈತ ಫೋನ್ ಮಾಡಿದ. ಇವರು ಓಡಿಹೋಗಿ ಕರು ಎಳೆದು, ಕೈ ತೊಳೆಯುವಾಗ ಅವನು ಬಾಯಿಬಿಟ್ಟ. “ಸಾ, ಬೇಜಾರ್ ಮಾಡ್ಕಬ್ಯಾಡಿ. ಇಲ್ಲಿ ಎಮ್ಮೆ ಒದ್ದಾಡ್ತಾ ಐತೆ, ನಿಮ್ ಫೋನ್ನಾಗೆ ಯಾರೋ ದೀಪ ಆರ್ಸು ಅಂತಾವ್ನೆ. ದೀಪ ಆರ್ಸುದ್ರೆ ಕರು ಎಂಗ್ ಸಾ ಕಾಣ್ತದೆ?”

ಇವರು ಮನೆಗೆ ಬಂದು ನನ್ನನ್ನು ಕೇಳಿದರು, ದಿನಾ ಫೋನ್ ಮಾಡ್ತಿದ್ದೆಯಲ್ಲ, ನಿನಗೆ ಗೊತ್ತಿರಲಿಲ್ವಾ ಎಂದು. ಗೊತ್ತಿಲ್ಲದೆ ಏನು! ಆದರೆ ಹೊಸ ಮದುಮಗಳು, ಗಂಡ ಒಂದು ಮೃದು ಮಾತನ್ನು ಬಾಯಿಬಿಟ್ಟು ಆಡುವವರಲ್ಲ. ಆ ಹಾಡು ಬರುವಾಗ ಅವರೇ ಹೇಳುತ್ತಿದ್ದಾರೆ ಎಂದುಕೊಂಡು ಕೇಳುತ್ತಿದ್ದೆ. ಆಗ ನನಗೂ ಮಾವನ ಹಾಗೇ, ಇನ್ನೊಂದು ಚೂರು ತಡವಾಗಿ ಎತ್ತಬಾರದೇ ಎನ್ನಿಸುತ್ತಿತ್ತು. ನಮ್ಮ ಕಡೆಯ ಗಂಡಸರು ಇದ್ದಾರಲ್ಲ, ಎಮ್ಮೆಯ ಬೆನ್ನು ಸವರಿ ಮುದ್ದಿನ ಮಾತಾಡುತ್ತಾರೆ, ಹೆಂಡತಿಗೆ ಮಾತ್ರ ‘ಊಟ ಆಯ್ತಾ’ ಎನ್ನುವುದೇ ಪ್ರೇಮದ ತುತ್ತತುದಿ. ಉಳಿದದ್ದನ್ನೆಲ್ಲ ಸಿನಿಮಾದವರು ಹೇಳಲಿ ಎಂದು ಬಿಟ್ಟಿದ್ದಾರೆ. ಸಿನಿಮಾದವರೂ ಪಾಪ, ಒಂದು ಮಾತೂ ಬಿಡದೆ ಹೇಳಿಕೊಡುತ್ತಾರೆ.

ಮಾವನಿಗೆ ಜಗತ್ತಿನಲ್ಲಿ ಒಬ್ಬರೇ ಶತ್ರು. ಯಾರೂ ಫೋನ್ ಎತ್ತದಿದ್ದಾಗ ಹಾಡನ್ನು ನಡುವೆ ಕತ್ತರಿಸಿ, ನೀವು ಕರೆ ಮಾಡಿದವರು ಉತ್ತರಿಸುತ್ತಿಲ್ಲ ಎಂದು ಹೇಳಲು ಬರುವ ಹೆಂಗಸು. ‘ಆ ಯಮ್ಮ’ ಎಂದೇ ಅವಳ ಹೆಸರು. “ಉತ್ತರ ಯಾವನಿಗೆ ಬೇಕಾಗಿತ್ತು ತಾಯಿ, ಚರಣಕ್ಕೆ ಬರ್ತಿದ್ದ, ಬುಡಬಾರ್ದಾ?” ಎಂದು ಅವಳ ಜೊತೆ ವಾದ ಮಾಡುತ್ತಾರೆ. ಅಂಗಡಿಗೆ ಬಂದವರು ಇವರು ಹೆಂಡತಿಯ ಜೊತೆ ಜಗಳವಾಡುತ್ತಿದ್ದಾರೆ ಎಂದುಕೊಂಡು ಹೊರಗೇ ನಿಲ್ಲುತ್ತಿದ್ದರು.

ಹೆಂಡತಿಯ ಜೊತೆಗಿನ ಜಗಳ ಬೇರೆಯೇ ಇತ್ತು. ಈಗ ಆ ಮುಖ್ಯ ಮೊಕದ್ದಮೆಗೆ ಬರುತ್ತೇನೆ.

ಅತ್ತೆಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೆ ಮಾವ ತಾವೇ ಆರಿಸಿ ಒಂದು ಹಾಡು ಹಾಕಿಸಿದ್ದರು. ಊರೂರು ಅಲೆದು ಬಂದ ನಾಯಕ ಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆಯುತ್ತಾನೆ. ಅವನ ಸಾಲು ಮುಗಿದ ಮೇಲೆ ಕೊಳಲು. ಕೊಳಲಿನ ಹಿಂದೆಯೇ ಮನೆಯ ಒಳಗಿನಿಂದ ನಾಯಕಿಯ ಧ್ವನಿ. ಇಷ್ಟೇ. ಆದರೆ ಈ ಹಾಡಿಗೆ ಒಂದು ಹಳೆಯ ಬಾಕಿ ಇತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಹಾಸನದ ಟಾಕೀಸಿಗೆ ಆ ಸಿನಿಮಾ ನೋಡಲು ಹೋಗಿದ್ದರಂತೆ. ಹಾಡು ಬಂತು, ನಾಯಕ ಕರೆದ, ಕೊಳಲು ಶುರುವಾಯಿತು. ಅಷ್ಟರಲ್ಲಿ ಅತ್ತೆ ಕೊನೆಯ ಬಸ್ ಹೋಗಿಬಿಡುತ್ತದೆ ಎಂದು ಮಾವನ ಅಂಗಿ ಹಿಡಿದು ಹೊರಗೆ ಎಳೆದುಕೊಂಡು ಬಂದರು. ಮುಂದಿನ ವಾರ ಹೋಗೋಣವೆಂದರೆ ಟಾಕೀಸಿನ ಪೋಸ್ಟರ್ ಬದಲಾಗಿತ್ತು.

“ಬಸ್ ಓಗಿದ್ರೆ ಏನ್ ಮಾಡ್ತಿದ್ರಿ?” ಎಂದು ಅತ್ತೆ ಈ ಕಥೆ ಬಂದಾಗಲೆಲ್ಲ ಕೇಳುತ್ತಿದ್ದರು.

“ಇನ್ನೊಂದಾಟ ನೋಡ್ತಿದ್ವಿ!”

ಆಮೇಲೆ ಮಾವ ಆ ಹಾಡನ್ನು ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ, ಮೊಬೈಲಿನಲ್ಲಿ ಸಾಕುಸಾಕಾಗುವಷ್ಟು ಕೇಳಿದ್ದಾರೆ. ನಾಯಕಿಯ ಧ್ವನಿಯನ್ನೂ ಕೇಳಿದ್ದಾರೆ. ಆದರೆ ಅದು ಲೆಕ್ಕಕ್ಕಿಲ್ಲವಂತೆ. ಅತ್ತೆಯ ನಂಬರಿನಲ್ಲೇ ಕೇಳಬೇಕಂತೆ. “ಅದು ನಿಮ್ಮತ್ತೆ ಬಾಗ್ಲು ಕಣಮ್ಮಿ” ಎಂದರು ಒಮ್ಮೆ. “ನಾನು ಅಂಗಡೀಲಿ ನಿಂತು ಬಾಗ್ಲು ತಟ್ತೀನಿ. ಒಳಗಿಂದ ಆ ಎಣ್ಣಿನ ಧ್ವನಿ ಬರ್ಬೇಕು. ಒಂದೇ ಒಂದ್ ಸಲ ಬಂದ್ರೆ ಸಾಕು.”

ಬರಲು ಅತ್ತೆ ಬಿಟ್ಟರೆ ತಾನೆ! ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ತಲೆಗೆ ಎಣ್ಣೆ ಹಚ್ಚಿಕೊಂಡಿರಲಿ, ಫೋನ್ ಹೊಡೆದುಕೊಂಡಿತೆಂದರೆ ಹಾರಿಬಂದು ಎತ್ತುತ್ತಿದ್ದರು. ನಾಯಕ ಕರೆದು ಮುಗಿಸುವ ಹೊತ್ತಿಗೆ ಅತ್ತೆ ಹಾಜರು. ಕೊಳಲು ಒಂದು ಉಸಿರು ಕೇಳಿಸಿದರೆ ಅದೇ ಹೆಚ್ಚು. ಅವರು ‘ಹಲೋ’ ಎಂದದ್ದನ್ನಂತೂ ನಾನು ಕೇಳಿಲ್ಲ. ಎತ್ತಿದ ಕೂಡಲೇ, “ಏನಾಯ್ತು?”

“ಏನಾಗ್ಬೇಕಿತ್ತು! ಕೊಳಲು ಆಳಾಗೋಯ್ತು!” ಎಂದು ಮಾವ ಆ ಕಡೆಯಿಂದ ಕೂಗುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಆ ದಿನ ಗಂಡ ಹೆಂಡಿರ ನಡುವೆ ಒಪ್ಪಂದವಾಗಿತ್ತು. ಮಾವ ತಂತಿ ತರಲು ಹಾಸನಕ್ಕೆ ಹೋಗುತ್ತಾರೆ. ಅಲ್ಲಿ, ಆ ಹಳೆಯ ಟಾಕೀಸು ಇದ್ದ ಜಾಗದ ಎದುರು ನಿಂತು ಫೋನ್ ಮಾಡುತ್ತಾರೆ. ಅತ್ತೆ ಎತ್ತುವುದಿಲ್ಲ. ನಾಯಕಿ ಹಾಡುತ್ತಾಳೆ. ಮೊಕದ್ದಮೆ ಮುಗಿಯುತ್ತದೆ. “ಆಯ್ತು, ಎತ್ತಲ್ಲ ಓಗಿ” ಎಂದು ಅತ್ತೆ ಮಾತು ಕೊಟ್ಟಿದ್ದರು.

ಅತ್ತೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಎದುರಿಗೆ ಮಣೆ ಹಾಕಿಕೊಂಡು ಕೂತರು. ಅವರ ಸೊಸೆ, ಮಗನ ಹೆಂಡತಿ, ಹೊಲಿಗೆ ಮಿಷನ್ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿದಳು. ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ‘ಅಂಗಡಿ’ ಎಂದು ಬಂತು. ಗಂಡನ ಹೆಸರನ್ನು ಬಾಯಲ್ಲೂ ಹೇಳದ ಅತ್ತೆ ಫೋನಿನಲ್ಲಿ ಬರೆಸುತ್ತಾರೆಯೇ? ಮಾವನ ಹೆಸರು ಅಲ್ಲಿ ಅಂಗಡಿ ಎಂದೇ ಇತ್ತು.

“ಎತ್ಲಾ?” ಎಂದರು.

“ಬೇಡ ಅತ್ತೆ, ಮಾತು ಕೊಟ್ಟಿದ್ದೀರಿ” ಎಂದೆ.

ಅತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತರು. ಫೋನು ಕಟ್ಟೆಯ ಮೇಲೆ ಗುರ್ರೆಂದು ನಡುಗುತ್ತ ಜರುಗುತ್ತಿತ್ತು. ಅತ್ತೆಯ ಮುಖ ನೋಡಬೇಕಿತ್ತು, ಎದುರಿಗೆ ಮಗು ಅಳುತ್ತಿರುವಾಗ ಯಾರೋ ಕೈ ಕಟ್ಟಿಹಾಕಿದ ಹಾಗೆ. “ಈಗ ಕೊಳಲು ಬಂದಿರ್ತದೆ ಅತ್ತೆ, ಇನ್ನೊಂದ್ ಚೂರು” ಎಂದಳು ಸೊಸೆ. ಅಷ್ಟೇ! ಅತ್ತೆಯ ಕೈ ಹೊರಗೆ ಬಂತು, ಫೋನು ಕಿವಿಗೆ ಹೋಯಿತು.

“ಏನಾಯ್ತು?”

ಆ ಕಡೆಯಿಂದ ಮಾವ ಅಳುವುದೊಂದು ಬಾಕಿ. ನಮಗೆ ನಕ್ಕು ನಕ್ಕು ಸಾಕಾಯಿತು. ಅತ್ತೆ ನಗಲಿಲ್ಲ. ಫೋನಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ನನಗೆ ಹೇಳಿದರು.

“ನಗ್ಬೇಡ ಕಣವ್ವ. ಕರೆಂಟ್ ಕೆಲ್ಸ ಅವರದ್ದು. ಒಂದ್ ಸಲ ಶಾಕ್ ಒಡ್ದು ಅವರ್ನ ಗೋಡೆಗೆ ಎಸ್ದುಬುಟ್ಟಿತ್ತು, ಯಾರೋ ಅವರ ಫೋನ್ನಿಂದಲೇ ನಂಗೆ ಮಾಡಿದ್ರು. ಅವತ್ತಿಂದ ಅಷ್ಟೇ. ಫೋನ್ ಬಂದ್ರೆ ಅವರೇ ಮಾಡ್ತಾವ್ರೋ, ಅವರ ಫೋನ್ನಾಗೆ ಇನ್ಯಾರೋ ಮಾಡ್ತಾವ್ರೋ, ಎತ್ತಿ ಧ್ವನಿ ಕೇಳೋಗಂಟ ಎಂಗವ್ವ ಗೊತ್ತಾಯ್ತದೆ? ಅವರಿಗೆ ಅಲ್ಲಿ ಹಾಡು. ನಂಗೆ ಇಲ್ಲಿ ಬರೀ ಗಂಟೆ ತಾನೆ ಕೇಳ್ಸೋದು?”

ಅದು ನನಗೆ ಹೊಳೆದೇ ಇರಲಿಲ್ಲ. ಒಂದೇ ಕರೆ, ಒಂದು ತುದಿಯಲ್ಲಿ ಕೊಳಲು, ಇನ್ನೊಂದು ತುದಿಯಲ್ಲಿ ದಿಗಿಲು. ಮಾವ ಹಾಡು ಹಾಕಿಸಿದ್ದೂ ಇವರ ಮೇಲಿನ ಆಸೆಗೆ, ಇವರು ಹಾಡು ಕೆಡಿಸುತ್ತಿದ್ದದ್ದೂ ಅವರ ಮೇಲಿನ ಆಸೆಗೆ. ಇದನ್ನು ಇಬ್ಬರಿಗೂ ಬಿಡಿಸಿ ಹೇಳೋಣವೆನ್ನಿಸಿತು. ಆದರೆ ಹೊಟ್ಟೆ ತುಂಬ ನಕ್ಕ ಮೇಲೆ ಅಂಥದ್ದನ್ನು ಹೇಳಲು ಬಾಯಿ ಬರುವುದಿಲ್ಲ. ಅಲ್ಲದೆ ಅವರಿಬ್ಬರಿಗೂ ಅದು ಗೊತ್ತಿಲ್ಲದೆ ಇತ್ತು ಎಂದು ನಾನು ಯಾಕೆ ತಿಳಿದುಕೊಳ್ಳಬೇಕು?

ಕರೆಂಟಿನ ಜೊತೆ ದಿನಾ ಸರಸವಾಡುವ ಮಾವನಿಗೆ ಏನೂ ಆಗಲಿಲ್ಲ. ಹೋದ ಚಳಿಗಾಲದಲ್ಲಿ ಅತ್ತೆ ಹೋದರು. ಜ್ವರ ಎಂದು ಮಲಗಿದವರು ಹಾಸನದ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಮಾವ ಯಾರಿಗೂ ಹಾಡಿಗೋಸ್ಕರ ಫೋನ್ ಮಾಡುವುದನ್ನು ಬಿಟ್ಟರು. ನನಗೂ ಮಾಡುತ್ತಿರಲಿಲ್ಲ. ನಾನೇ ಮಾಡಿದರೆ ಊಟ ಆಯಿತು, ಮೋಟಾರು ಬಂದಿವೆ, ಇಡಲಾ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಫೋನು ಸುಮ್ಮನೆ ಬಿದ್ದಿರುತ್ತಿತ್ತು. ಅದು ಹೊಡೆದುಕೊಳ್ಳುವಾಗ ಎಷ್ಟು ನಾಚಿಕೆಪಟ್ಟಿದ್ದೆನೋ, ಸುಮ್ಮನಿರುವಾಗ ಅಷ್ಟೇ ಸಂಕಟವಾಯಿತು.

ಕೆಲವು ತಿಂಗಳಾದ ಮೇಲೆ ನಮ್ಮಮ್ಮ ನನ್ನನ್ನು ಕರೆದು ಹೇಳಿದರು. “ಅವಳ ಫೋನು ಇನ್ನೂ ಮನೇಲಿ ಮಡಗವ್ನಂತೆ. ತೀರ್ಕಂಡೋರ ನಂಬರ್ ಅಂಗೆಲ್ಲ ಮಡಗ್ಬಾರ್ದು. ಮುಚ್ಸಿ, ಫೋನ್ನ ಸೊಸೆಗೆ ಕೊಡು ಅಂತ ನೀನೇ ಓಗಿ ಯೋಳು. ನಿನ್ ಮಾತಾದ್ರೆ ಕೇಳ್ತಾನೆ.”

ಒಂದು ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಮಾವ ಅಂಗಡಿಗೆ ಹೋಗಿದ್ದರು. ಅವರ ಮಗ ಅರಕಲಗೂಡಿನ ಕಡೆ ಯಾರದೋ ಹೊಲಕ್ಕೆ ಮೋಟಾರು ಕೂರಿಸಲು ಹೋಗಿದ್ದ. ಸೊಸೆ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿ ಕಾಫಿಗೆ ಇಟ್ಟಳು. ಅದೇ ಕಟ್ಟೆಯ ಮೇಲೆ, ಸಾಸಿವೆ ಡಬ್ಬಿಯ ಪಕ್ಕ ಅತ್ತೆಯ ಫೋನು ಚಾರ್ಜಿಗೆ ಹಾಕಿತ್ತು. ಇದನ್ನು ನೀನೇ ಇಟ್ಟುಕೋ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಹೊಡೆದುಕೊಂಡಿತು.

ಪರದೆಯ ಮೇಲೆ ‘ಅಂಗಡಿ’.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಸೊಸೆ ಹಿಡಿದುಕೊಂಡಳು.

“ಎತ್ಬೇಡಿ ಅಕ್ಕ. ಮಾವ ಹಾಡು ಕೇಳ್ತಾವ್ರೆ. ದಿನಾ ಈ ಒತ್ತಿಗೆ ಮಾಡ್ತಾರೆ. ಅದಕ್ಕೇ ನಾನು ಚಾರ್ಜ್ ಇಳಿಯಾಕೆ ಬುಡಕಿಲ್ಲ.”

ಫೋನು ಕಟ್ಟೆಯ ಮೇಲೆ ನಡುಗುತ್ತ ಜರುಗಿತು. ನಾವಿಬ್ಬರೂ ನೋಡುತ್ತ ನಿಂತೆವು. ಈಗ ನಾಯಕ ಬಾಗಿಲಲ್ಲಿ ಕರೆಯುತ್ತಿರಬೇಕು. ಈಗ ಕೊಳಲು. ನಮಗೆ ಇಲ್ಲಿ ಬರೀ ಗಂಟೆ. ಅತ್ತೆ ಅಂದು ಪಟ್ಟದ್ದು ಏನೆಂದು ಆಗ ನನಗೆ ತಿಳಿಯಿತು. ಹೊಡೆದುಕೊಳ್ಳುವ ಫೋನನ್ನು ಎತ್ತದೆ ನಿಲ್ಲುವುದು ಬಹಳ ಕಷ್ಟ. ಅದು ತನ್ನಷ್ಟಕ್ಕೆ ನಿಂತಿತು. ಸೊಸೆ ಅದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಡಬ್ಬಿಯ ಪಕ್ಕಕ್ಕೆ ಸರಿಸಿ, ಫ್ಲಾಸ್ಕಿಗೆ ಕಾಫಿ ಸುರಿದು ನನ್ನ ಕೈಗಿತ್ತಳು.

ಅಂಗಡಿಗೆ ಹೋದಾಗ ಮಾವ ಬಿಚ್ಚಿಟ್ಟ ಮೋಟಾರಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಫೋನು ತೊಡೆಯ ಮೇಲಿತ್ತು. ನಾನು ಕಾಫಿ ಬಗ್ಗಿಸಿ ಕೊಟ್ಟೆ. ಮನೆಯಿಂದ ಬಂದೆಯಾ ಎಂದು ಕೇಳಿದರು, ಹೌದು ಎಂದೆ. ಇಬ್ಬರಿಗೂ ಅರ್ಥವಾಯಿತು.

“ಈಗ ಪೂರ್ತಿ ಬತ್ತದೆ ಕಣಮ್ಮಿ” ಎಂದರು. “ಕೊಳಲು ಪೂರ್ತಿ. ಆ ಎಣ್ಣಿನ ಧ್ವನೀನೂ ಬತ್ತದೆ. ದಿನಾ ಬತ್ತದೆ.”

“ಚೆನ್ನಾಗಿದ್ಯಾ ಮಾವ?”

“ಏನ್ ಚೆನ್ನಾಗಿರ್ತದೆ?” ಲೋಟ ಕೆಳಗಿಟ್ಟರು. “ಚೆನ್ನಾಗೇ ಹಾಡ್ತಾಳೆ, ಇಲ್ಲ ಅನ್ನಕಿಲ್ಲ. ಆದ್ರೆ ಅವಳು ಬರೋ ಜಾಗದಾಗೆ ನಿಮ್ಮತ್ತೆ ಬರ್ತಿದ್ಲು. ಅಷ್ಟು ವರ್ಷ ನಾನು ಬಾಗ್ಲು ತಟ್ದಾಗೆಲ್ಲ ಒಳಗಿಂದ ಬಂದಿದ್ದು ಅದೇ ಧ್ವನಿ. ನಂಗೆ ಗೊತ್ತಾಗ್ಲಿಲ್ಲ. ಕೊಳಲು ಕೆಟ್ಟೋಯ್ತು ಅಂತ ಬೈದೆ.” ಸ್ವಲ್ಪ ಹೊತ್ತು ತಂತಿಯ ಸುರುಳಿಯನ್ನು ಬೆರಳಲ್ಲಿ ತಿರುವುತ್ತಿದ್ದರು. “ಆಮೇಲೆ ಆ ಯಮ್ಮ ಬತ್ತಾಳೆ. ಉತ್ತರ ಕೊಡ್ತಿಲ್ಲ ಅಂತಾಳೆ. ಗೊತ್ತು ಕಣವ್ವ ಅಂತೀನಿ. ಈಗ ಜಗಳ ಆಡಕಿಲ್ಲ.”

ಅಮ್ಮ ಹೇಳಿಕಳಿಸಿದ ಮಾತನ್ನು ನಾನು ಹೇಳಲಿಲ್ಲ. ಫ್ಲಾಸ್ಕು ತೊಳೆದುಕೊಂಡು ಬಸ್ ಹತ್ತಿದೆ. ಚನ್ನರಾಯಪಟ್ಟಣದವರೆಗೂ ಬಸ್ಸಿನಲ್ಲಿ ಯಾವ್ಯಾವುದೋ ಹಾಡು ಬರುತ್ತಿತ್ತು. ಒಂದೂ ಕಿವಿಗೆ ಇಳಿಯಲಿಲ್ಲ. ಹೇಳಿದೆಯಾ ಎಂದು ಅಮ್ಮ ಕೇಳಿದರು. ಆ ನಂಬರ್ ಇರಲಿ ಬಿಡಮ್ಮ, ಅದು ಇನ್ನೂ ಬಳಕೆಯಲ್ಲಿದೆ ಎಂದೆ. ಅಮ್ಮ ನನ್ನ ಮುಖ ನೋಡಿ ಮತ್ತೆ ಆ ವಿಷಯ ಎತ್ತಲಿಲ್ಲ.

ಮೊನ್ನೆ ಸ್ಟಾಫ್ ರೂಮಿನಲ್ಲಿದ್ದಾಗ ಬಹಳ ದಿನಗಳ ಮೇಲೆ ಮಾವನ ಫೋನು ಬಂತು. ನನಗೆ ಹಳೆಯ ಪಾಠವೆಲ್ಲ ಮರೆತುಹೋಗಿತ್ತು. ಮೊದಲ ಗಂಟೆಗೇ ಎತ್ತಿಬಿಟ್ಟೆ. ಹಲೋ ಎನ್ನಬೇಕಾದ ಬಾಯಿಗೆ ಗಾಬರಿಯಲ್ಲಿ ಬೇರೆಯೇ ಮಾತು ಬಂತು.

“ಏನಾಯ್ತು ಮಾವ?”

ಆ ಕಡೆ ಅಂಗಡಿಯ ಮುಂದೆ ಬಸ್ಸೊಂದು ಹೋದ ಸದ್ದು ಕೇಳಿಸಿತು. ಬೇಗ ಎತ್ತಿದ್ದಕ್ಕೆ ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ.

“ಏನೂ ಆಗಿಲ್ಲ ಕಣಮ್ಮಿ. ಇಡು. ಇನ್ನೊಂದ್ ಸಲ ಮಾಡ್ತೀನಿ.”

“ಎತ್ತಬಾರದು, ಅಲ್ವಾ ಮಾವ? ಗೊತ್ತು.”

“ಊಹೂಂ. ಎತ್ತು. ಬೇಗ ಎತ್ತು. ಎತ್ತಿ, ಈಗ ಕೇಳ್ದಂಗೇ ಕೇಳು.”

ಫೋನು ಮತ್ತೆ ಹೊಡೆದುಕೊಂಡಿತು. ಪಕ್ಕದ ಮೇಡಂ, ಇವಳು ಎತ್ತುವವಳಲ್ಲ ಎಂದು ತಲೆ ಎತ್ತಿ ಕೂಡ ನೋಡಲಿಲ್ಲ. ನಾನು ಎತ್ತಿದೆ.

“ಏನಾಯ್ತು?” ಎಂದೆ.